ದಿವಾನ್ ದೇವಡಿಯ ಕೊನೆಯ ಒಡೆಯರು: ಮೂರನೆಯ ಸಾಲಾರ್ ಜಂಗ್

ಹೈದರಾಬಾದಿನ ಸಾಲಾರ್ ಜಂಗ್ ವಸ್ತುಸಂಗ್ರಹಾಲಯದ ಹೆಸರನ್ನು ಕೇಳದವರು ನಮ್ಮ ಗಡಿಸೀಮೆಯಲ್ಲಿ ವಿರಳ. ಆದರೆ ಅದಕ್ಕೂ ನಮ್ಮ ನೆಲಕ್ಕೂ ಇರುವ ನಂಟನ್ನು ನೆನೆಯುವವರು ಇನ್ನೂ ವಿರಳ. ಇಂದು ತೆಲಂಗಾಣದ ನಾರಾಯಣಪೇಟೆ ಜಿಲ್ಲೆಯಲ್ಲಿರುವ ಕೋಸ್ಗಿ, ಕರ್ನಾಟಕದ ಕೊಪ್ಪಳ, ಯಲಬುರ್ಗಾ ಇವೆಲ್ಲ ಒಂದು ಕಾಲಕ್ಕೆ ಸಾಲಾರ್ ಜಂಗ್ ಮನೆತನದ ಜಹಗೀರಿಗೆ ಸೇರಿದ್ದುವು. ಆ ಸೀಮೆಗಳ ಒಕ್ಕಲು ಮಕ್ಕಳು ತೆತ್ತ ಕಂದಾಯವೂ ಆ ಮನೆತನದ ಸಿರಿಗೆ ಒಂದು ಮೂಲವಾಗಿತ್ತು. ಆ ಸಿರಿಯನ್ನು ಕಲೆಗಾಗಿ ವೆಚ್ಚಮಾಡಿದ ಮಹನೀಯರ ಜೀವನವನ್ನು ಅರಿಯುವುದು ಆದಕಾರಣ ನಮಗೂ ಉಚಿತವಾದುದು.

ನವಾಬ ಮೀರ್ ಯೂಸುಫ್ ಅಲಿ ಖಾನರು 1889ನೆಯ ಇಸವಿ ಜೂನ್ 13ರಂದು ಪುಣೆಯಲ್ಲಿ ಜನಿಸಿದರು. ಇವರ ಪಿತಾಮಹರಾದ ಮೊದಲನೆಯ ಸಾಲಾರ್ ಜಂಗರು 1853ರಿಂದ 1883ರವರೆಗೆ ನಿಜಾಮ ಸಂಸ್ಥಾನದ ದಿವಾನರಾಗಿದ್ದು, ಅದರ ಆಡಳಿತಕ್ಕೆ ಹೊಸ ರೂಪವನ್ನು ಕೊಟ್ಟವರು. ತಂದೆಯವರಾದ ಎರಡನೆಯ ಸಾಲಾರ್ ಜಂಗರೂ ದಿವಾನಗಿರಿಯನ್ನು ನಿರ್ವಹಿಸಿದವರೇ. ಆದರೆ ಮಗು ಹುಟ್ಟಿ ತಿಂಗಳು ತುಂಬುವ ಮೊದಲೇ ಅವರು ತೀರಿಕೊಂಡರು. ತಂದೆಯ ಮುಖವನ್ನೇ ಅರಿಯದ ಶಿಶುವಿಗೆ ಉಳಿದುದು ಮನೆತನದ ಬಿರುದು, ವಿಶಾಲವಾದ ಜಹಗೀರು ಮತ್ತು ಹೈದರಾಬಾದಿನ ಹಳೆಯ ನಗರದಲ್ಲಿದ್ದ ದಿವಾನ್ ದೇವಡಿ ಎಂಬ ಅರಮನೆ.

1912ರಲ್ಲಿ ಏಳನೆಯ ನಿಜಾಮರಾದ ಉಸ್ಮಾನ್ ಅಲಿ ಖಾನರು ಇವರನ್ನು ದಿವಾನರನ್ನಾಗಿ ನೇಮಿಸಿದಾಗ ಇವರಿಗೆ ಇಪ್ಪತ್ತಮೂರು ವರ್ಷ. ಎರಡು ವರ್ಷಗಳು ಕಳೆದ ಮೇಲೆ, 1914ರಲ್ಲಿ, ಇವರು ಅಧಿಕಾರವನ್ನು ಬಿಟ್ಟರು. ವಿವಾಹವನ್ನು ಮಾಡಿಕೊಳ್ಳಲಿಲ್ಲ. ಅಲ್ಲಿಂದ ಮುಂದಿನ ಮೂವತ್ತೈದು ವರ್ಷಗಳ ಕಾಲ ಕಲಾವಸ್ತುಗಳ ಸಂಗ್ರಹವೇ ಇವರ ಸಂಸಾರವಾಯಿತು.

ಸಂಗ್ರಹವೆಲ್ಲವೂ ಒಬ್ಬರದೇ ಎಂದು ಜನ ನಂಬುವುದುಂಟು. ಅದು ಪೂರ್ಣ ಸತ್ಯವಲ್ಲ. ಇಟಲಿಯ ಶಿಲ್ಪಿ ಬೆಂಜೋನಿಯು ಕಡೆದ, ಮುಸುಕು ಹೊದೆದ ರೆಬೆಕ್ಕಳ ಅಮೃತಶಿಲಾ ಮೂರ್ತಿಯನ್ನು 1876ರಲ್ಲಿ ರೋಮ್ ನಗರದಲ್ಲಿ ಕೊಂಡವರು ಪಿತಾಮಹರು. ಕಲ್ಲಿನಲ್ಲಿ ಕಡೆದ ಮುಸುಕಿನ ಹಿಂದೆ ಮುಖವು ಕಾಣುವ ಸೋಜಿಗವದು. ಆದರೆ ಪೂರ್ವಜರು ಬಿತ್ತಿದ ಬೀಜವನ್ನು ಹೆಮ್ಮರವಾಗಿ ಬೆಳೆಸಿದವರು ಮೊಮ್ಮಗನೇ ಸರಿ. ಚೀಣ, ಜಪಾನು, ಪರ್ಷಿಯಾ, ಯುರೋಪು ಎಂಬ ಭೇದವಿಲ್ಲದೆ ಪಿಂಗಾಣಿ, ಚಿತ್ರ, ಗಡಿಯಾರ, ಆಯುಧ, ಹಸ್ತಪ್ರತಿಗಳೆಲ್ಲವೂ ದೇವಡಿಗೆ ಬಂದು ಸೇರಿದುವು. ಫ್ರಾನ್ಸಿನ ದೊರೆ ಹದಿನಾರನೆಯ ಲೂಯಿಯು ಮೈಸೂರಿನ ಟಿಪ್ಪು ಸುಲ್ತಾನನಿಗೆ ಕಳುಹಿಸಿದುವೆಂಬ ಪ್ರತೀತಿಯುಳ್ಳ ದಂತದ ಕುರ್ಚಿಗಳನ್ನು ಇವರು ಪಡೆದುದು ತಮ್ಮ ಬಾಳಿನ ಕೊನೆಯ ದಿನಗಳಲ್ಲಿ.

1949ರ ಮಾರ್ಚ್ 2ರಂದು ನವಾಬರು ಕಾಲವಶರಾದರು. ಹೈದರಾಬಾದು ಭಾರತದಲ್ಲಿ ಸೇರಿ ಆರು ತಿಂಗಳೂ ಆಗಿರಲಿಲ್ಲ. ಅದೇ ವರ್ಷದ ಆಗಸ್ಟಿನಲ್ಲಿ ಜಹಗೀರುಗಳೇ ರದ್ದಾದುವು. ಆಸ್ತಿಗೆ ನೇರ ವಾರಸುದಾರರಿಲ್ಲ, ಬಂಧುಗಳು ಹಲವರು. ಪಾಲುಪಟ್ಟಿ ನಡೆದಿದ್ದರೆ ಮೂರು ತಲೆಮಾರಿನ ಸಂಗ್ರಹವು ಚೆದರಿ ಹರಾಜಿನ ಪಾಲಾಗುತ್ತಿದ್ದುದರಲ್ಲಿ ಸಂದೇಹವಿಲ್ಲ. ಆಗ ಹೈದರಾಬಾದಿನ ಆಡಳಿತವನ್ನು ವಹಿಸಿದ್ದ ಎಂ. ಕೆ. ವೆಲ್ಲೋಡಿಯವರು ಅದನ್ನು ಸಾರ್ವಜನಿಕ ಸಂಗ್ರಹಾಲಯವಾಗಿಸುವ ಯೋಚನೆಯನ್ನು ಮಾಡಿದರು. ಕಲಾವಿಮರ್ಶಕರಾದ ಜೇಮ್ಸ್ ಕಸಿನ್ಸ್ ಅವರು ವಸ್ತುಗಳನ್ನು ವಿಂಗಡಿಸಿ ಅಣಿಗೊಳಿಸಿದರು. 1951ರ ಡಿಸೆಂಬರ್ 16ರಂದು ಪಂಡಿತ ಜವಾಹರಲಾಲ ನೆಹರೂ ಅವರು ದಿವಾನ್ ದೇವಡಿಯಲ್ಲಿಯೇ ಅದನ್ನು ಉದ್ಘಾಟಿಸಿದರು. ನವಾಬರು ಬಾಳಿದ ಮನೆ ಜನಸಾಮಾನ್ಯರಿಗೆ ತೆರೆಯಿತು. ವಾರಸುದಾರರೂ ಒಪ್ಪಿ ಸಂಗ್ರಹವನ್ನು ಬಿಟ್ಟುಕೊಟ್ಟರು. 1961ರಲ್ಲಿ ಪಾರ್ಲಿಮೆಂಟಿನ ಶಾಸನವು ಅದನ್ನು ರಾಷ್ಟ್ರೀಯ ಮಹತ್ವದ ಸಂಸ್ಥೆಯೆಂದು ಸಾರಿತು. 1968ರಲ್ಲಿ ಸಂಗ್ರಹವು ಮೂಸಿ ನದಿಯ ದಕ್ಷಿಣ ದಡದ ಹೊಸ ಕಟ್ಟಡಕ್ಕೆ ಸಾಗಿತು. ಹಳೆಯ ದೇವಡಿ ಈಗ ಇಲ್ಲ. ಅದರೊಳಗಿದ್ದ ಸಿರಿ ಉಳಿದಿದೆ.

ಇಂದು ಅಲ್ಲಿಗೆ ಹೋದವರು ಸಂಗೀತ ಗಡಿಯಾರದ ಮುಂದೆ ನೆರೆದ ಜನಸ್ತೋಮವನ್ನು ಕಾಣುವರು. ಗಂಟೆ ತುಂಬುವ ಹೊತ್ತಿಗೆ ಗಡ್ಡದ ಗೊಂಬೆಯೊಂದು ಹೊರಬಂದು ಜಾಗಟೆಯನ್ನು ಬಾರಿಸಿ ಒಳಸರಿಯುತ್ತದೆ. ಆ ಕ್ಷಣದಲ್ಲಿ ಮಕ್ಕಳು ಮುದುಕರೆಂಬ, ಬಡವ ಬಲ್ಲಿದರೆಂಬ ಭೇದ ಅಲ್ಲಿರುವುದಿಲ್ಲ. ಒಮ್ಮೆ ಒಬ್ಬ ಜಹಗೀರುದಾರರ ಅತಿಥಿಗಳಿಗೆ ಮಾತ್ರ ಮೀಸಲಾಗಿದ್ದ ನೋಟವು ಈಗ ಎಲ್ಲರದು.

ಕೂಡಿಡುವುದು ಒಬ್ಬರಿಂದ ಆಗಬಹುದು. ಉಳಿಸುವುದು ಹಲವರಿಂದಲ್ಲದೆ ಆಗದು. ಮೂರನೆಯ ಸಾಲಾರ್ ಜಂಗರ ಅಭಿರುಚಿ ಎಷ್ಟೇ ದೊಡ್ಡದಾಗಿದ್ದರೂ, ಸಂಗ್ರಹವು ಸರ್ವರ ಸೊತ್ತಾಗದೆ ಹೋಗಿದ್ದರೆ ಅವರ ಹೆಸರು ಒಂದು ವಂಶಾವಳಿಯಲ್ಲಿ ಅಡಗಿಹೋಗುತ್ತಿತ್ತು. ಕೋಸ್ಗಿ ಕೊಪ್ಪಳಗಳ ನೇಗಿಲ ದುಡಿಮೆಯೂ ಆ ಸಿರಿಯಲ್ಲಿ ಅಡಗಿದೆ ಎಂಬುದನ್ನು ನೆನೆದು, ನಮ್ಮ ಮಕ್ಕಳು ಅಲ್ಲಿಗೆ ಪರಕೀಯರಂತೆ ಅಳುಕುತ್ತ ಹೋಗದೆ, ಹಕ್ಕುದಾರರಂತೆ ತಲೆಯೆತ್ತಿ ಹೋಗಿ ನೋಡಿ ಬರಲಿ.