ಡಾಕ್ಟರ್ ಗೋವಿಂದಸ್ವಾಮಿಗಳು

ಚನ್ನಪಟ್ಟಣದ ಕಡೆಯ ನನ್ನ ಸಹಪಾಠಿಯೊಬ್ಬ ಹೋದ ವರ್ಷ ಸ್ವಭಾವವನ್ನು ಅಳೆಯುವ ಪ್ರಶ್ನಾವಳಿಯೊಂದನ್ನು ತುಂಬಿ, ಬಂದ ಅಂಕವನ್ನು ಕಂಡು ಎರಡು ರಾತ್ರಿ ನಿದ್ದೆಗೆಟ್ಟ. ಅವನ ಅಣ್ಣನಿಗೆ ಸ್ಕಿಜೋಫ್ರೀನಿಯಾ ಎಂಬ ಚಿತ್ತವಿಕಲತೆ. ತನಗೂ ಅದೇ ಗತಿಯೆಂದು ಅವನು ನಂಬಿಬಿಟ್ಟಿದ್ದ. ಅವನಿಗೊಂದು ಉತ್ತರ ಹುಡುಕಹೊರಟ ನನಗೆ ಡಾಕ್ಟರ್ ಎಂ. ವಿ. ಗೋವಿಂದಸ್ವಾಮಿಗಳ ಪರಿಚಯವಾಯಿತು.

ಮೈಸೂರಿನಲ್ಲಿ 1935ರಲ್ಲಿ ಆಕಾಶವಾಣಿಯನ್ನು ಆರಂಭಿಸಿದ ಮನಃಶಾಸ್ತ್ರದ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಗಳೇ ಇವರೆಂದು ನಾನು ಮೊದಲು ತಿಳಿದಿದ್ದೆ. ಅಲ್ಲ, ಇವರು ವೈದ್ಯರು. ಸಂಸ್ಥಾನದ ಕಾಲದಲ್ಲಿಯೇ ಬೆಂಗಳೂರಿನ ಮಾನಸಿಕ ಆಸ್ಪತ್ರೆಯ ಮುಖ್ಯಾಧಿಕಾರಿಗಳಾದರು. ಜನ ಅದನ್ನು ಹುಚ್ಚಾಸ್ಪತ್ರೆ ಎನ್ನುತ್ತಿದ್ದರು. ರಾಮನಗರ, ಮಾಗಡಿ ಸೀಮೆಯಲ್ಲಿ ಆ ಮಾತು ಇಂದಿಗೂ ಹೋಗಿಲ್ಲ.

ಆಗ ಈ ರೋಗಕ್ಕೆ ನೆಚ್ಚಬಹುದಾದ ಮದ್ದೇ ಇರಲಿಲ್ಲ. ಕಾರ್ಡಿಯಾಜಾಲ್ ಎಂಬ ಔಷಧಿಯನ್ನು ಚುಚ್ಚಿ ಸೆಳವು ಬರಿಸುವ ಕ್ರಮ ಯೂರೋಪಿನಲ್ಲಿ ಹೊಸದಾಗಿ ಹುಟ್ಟಿತ್ತು. ಗೋವಿಂದಸ್ವಾಮಿಗಳು ಅದನ್ನು ಬೆಂಗಳೂರಿನಲ್ಲಿ ಪ್ರಯೋಗಿಸಿ 1939ರಲ್ಲಿ ಲಂಡನ್ನಿನ ಲ್ಯಾನ್ಸೆಟ್ ಪತ್ರಿಕೆಗೆ ಬರೆದರು. ಸೆಳವಿಗೆ ಮುನ್ನ ರೋಗಿಗೆ ಆಗುತ್ತಿದ್ದ ಭೀತಿ ಘೋರವಾದುದು. ಆ ಕ್ರಮ ಮುಂದೆ ಬಿಟ್ಟುಹೋಯಿತು. ಓದುವಾಗ ನನಗೆ ಮೈ ನಡುಗಿತು. ಬೀಗ ಹಾಕಿ ಕೂರಿಸುವುದಷ್ಟಕ್ಕೇ ತೃಪ್ತರಾಗದ ವೈದ್ಯರ ಕೈಗೆ ಆಗ ಸಿಕ್ಕಿದ್ದು ಇಂಥವೇ.

1954ರಲ್ಲಿ ಆಸ್ಪತ್ರೆಯ ಜೊತೆಗೆ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಸ್ಥಾಪನೆಯಾದಾಗ ಅವರೇ ಮೊದಲ ನಿರ್ದೇಶಕರು. (1974ರಲ್ಲಿ ಇವೆರಡೂ ಕೂಡಿ ನಿಮ್ಹಾನ್ಸ್ ಆಯಿತು.) 1955ರಲ್ಲಿ ವೈದ್ಯರಿಗೆ ಮಾತ್ರವಲ್ಲ, ಮನಃಶಾಸ್ತ್ರ ಓದಿದವರಿಗೂ ಅಲ್ಲಿ ಶಿಕ್ಷಣ ಮೊದಲಾಯಿತು. ಪರೀಕ್ಷೆ ಮಾಡಬಲ್ಲವನು ರೋಗಿಯ ಎದುರು ಕುಳಿತು ಕಲಿಯುವಂತಾಯಿತು. ಭಾರತೀಯ ದರ್ಶನಗಳಲ್ಲಿಯೂ ಆಯುರ್ವೇದದಲ್ಲಿಯೂ ಮನಸ್ಸಿನ ವಿಚಾರವಾಗಿ ಸಂಶೋಧನೆ ನಡೆಯಬೇಕೆಂಬುದು ಅವರ ಇನ್ನೊಂದು ಆಗ್ರಹ.

ಆ ಆಗ್ರಹದ ಬೆಲೆ ನನಗೆ ತಿಳಿದದ್ದು ಗೆಳೆಯನ ಪಟ್ಟಿಯಿಂದ. ಕಾಣದವರ ದನಿ ಕೇಳಿಸಿದ್ದುಂಟೆ ಎಂಬಂಥ ಪ್ರಶ್ನೆ ಅದರಲ್ಲಿತ್ತು. ಕನಕಪುರ ತಾಲ್ಲೂಕಿನ ಕಬ್ಬಾಳಮ್ಮನ ಭಕ್ತರಲ್ಲಿ ಹೌದೆನ್ನುವವರು ಎಷ್ಟು ಮಂದಿಯೋ! ಇಂಥ ಪಟ್ಟಿಗಳು ಹೆಚ್ಚಾಗಿ ಅಮೆರಿಕದವು. 1943ರ ಮಿನೆಸೋಟ ಪ್ರಶ್ನಾವಳಿಯಲ್ಲಿ ಐನೂರಕ್ಕೂ ಮೇಲ್ಪಟ್ಟ ವಾಕ್ಯಗಳಿದ್ದು, ಈ ರೋಗಕ್ಕೇ ಒಂದು ಅಳತೆಯಿತ್ತು. ಮುಂದೆ ಚಾಪ್‌ಮನ್ ದಂಪತಿಗಳು ಕಾಲೇಜು ವಿದ್ಯಾರ್ಥಿಗಳನ್ನು ಹೀಗೆಯೇ ಪರೀಕ್ಷಿಸಿ, ಹತ್ತು ವರ್ಷ ಕಾದು, ಫಲವನ್ನು 1994ರಲ್ಲಿ ಪ್ರಕಟಿಸಿದರು. ವಿಚಿತ್ರ ಅನುಭವ, ನಂಬಿಕೆಗಳ ಪಟ್ಟಿಯಲ್ಲಿ ಹೆಚ್ಚು ಅಂಕ ಪಡೆದವರಲ್ಲಿ ತೀವ್ರ ಚಿತ್ತವಿಕಾರಕ್ಕೆ ತುತ್ತಾದವರು ನೂರಕ್ಕೆ ಐದಾರು ಮಂದಿ. ಉಳಿದವರಿಗಿಂತ ಅದು ಹೆಚ್ಚು, ನಿಜ. ಆದರೆ ತೊಂಬತ್ತಕ್ಕೂ ಮೀರಿ ಜನ ಪಾರಾಗಿದ್ದರು.

ಗೆಳೆಯ ಈ ಲೆಕ್ಕವನ್ನು ನನ್ನಿಂದ ಎರಡು ಸಲ ಹೇಳಿಸಿಕೊಂಡ. ಮುಂದಿನ ತಿಂಗಳು ಅಣ್ಣನ ಮಾತ್ರೆಗೆಂದು ಬೆಂಗಳೂರಿಗೆ ಹೋದಾಗ ತಾನೂ ವೈದ್ಯರೆದುರು ಅರ್ಧ ಗಂಟೆ ಕುಳಿತು ಮಾತನಾಡಿ ಬಂದ. ಅಂಕದ ಕಾಗದ ಜೇಬಿನಲ್ಲೇ ಉಳಿದಿತ್ತಂತೆ.