ಸರ್ಪಗಂಧದ ಜಾಡು ಹಿಡಿದ ಡಾ. ವಕೀಲ್
ಅಧಿಕ ರಕ್ತದೊತ್ತಡಕ್ಕೆ ನಂಬಿಕೆಯ ಮದ್ದೇ ಇಲ್ಲದ ಕಾಲವದು. ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟ್ 1945ರಲ್ಲಿ ಅಸುನೀಗಿದ್ದು ಈ ವ್ಯಾಧಿ ಉಲ್ಬಣಿಸಿ, ಮಿದುಳಿನ ರಕ್ತಸ್ರಾವದಿಂದ. ಇತ್ತ ಮುಂಬಯಿಯಲ್ಲಿ ಹೃದ್ರೋಗ ತಜ್ಞ ಡಾ. ರುಸ್ತುಂ ಜಾಲ್ ವಕೀಲ್ ತಮ್ಮ ರೋಗಿಗಳಿಗೆ ಸರ್ಪಗಂಧದ ಬೇರನ್ನು ಕೊಟ್ಟು ಪರೀಕ್ಷಿಸುತ್ತಿದ್ದರು.

1911ರಲ್ಲಿ ಜನಿಸಿದ ವಕೀಲ್ ಲಂಡನ್ನಿನಲ್ಲಿ ವೈದ್ಯ ವ್ಯಾಸಂಗ ಮಾಡಿ ಮರಳಿದವರು. ಈ ಬೇರಿನ ಗುಣವನ್ನು ಕಲ್ಕತ್ತದ ಗಣನಾಥ ಸೇನ್, ಕಾರ್ತಿಕಚಂದ್ರ ಬೋಸ್ 1931ರಲ್ಲೇ ದಾಖಲಿಸಿದ್ದರು. ಆ ಶ್ರೇಯ ಅವರದೇ. ಆದರೆ ಪಾಶ್ಚಾತ್ಯ ವೈದ್ಯರು ಎಚ್ಚೆತ್ತದ್ದು 1949ರಲ್ಲಿ, ವಕೀಲ್ ತಮ್ಮ ಪ್ರಯೋಗದ ಫಲವನ್ನು ಅಂಕಿಗಳ ಸಮೇತ ಬ್ರಿಟಿಷ್ ಹಾರ್ಟ್ ಜರ್ನಲ್‌ನಲ್ಲಿ ಪ್ರಕಟಿಸಿದ ಬಳಿಕ. 1952ರಲ್ಲಿ ಸ್ವಿಟ್ಜರ್ಲೆಂಡಿನ ಸಿಬಾ ಕಂಪನಿ ಬೇರಿನಿಂದ ರಿಸರ್ಪಿನ್ ಅನ್ನು ಬೇರ್ಪಡಿಸಿತು. 1957ರಲ್ಲಿ ವಕೀಲ್ ಅವರಿಗೆ ಪ್ರತಿಷ್ಠಿತ ಲಾಸ್ಕರ್ ಪ್ರಶಸ್ತಿ ಸಂದಿತು.

ಖಿನ್ನತೆ ತರುತ್ತದೆಂಬ ದೂರಿನಿಂದಲೂ ಹೊಸ ಔಷಧಗಳ ಪೈಪೋಟಿಯಿಂದಲೂ ರಿಸರ್ಪಿನ್ ಮೂಲೆಗೆ ಸರಿಯಿತು. ವಕೀಲ್ 1974ರಲ್ಲಿ ನಿಧನರಾದರು.