ಸಿಂಹಗಳ ತಂದೆ ಜಾರ್ಜ್ ಆಡಮ್‌ಸನ್

ನಮ್ಮ ಪ್ರಾಚೀನ ಕವಿಗಳಲ್ಲಿ ಸಿಂಹವನ್ನು ವರ್ಣಿಸದವರು ವಿರಳ. ಆದರೆ ಅವರಲ್ಲಿ ಆ ಮೃಗವನ್ನು ಕಣ್ಣಾರೆ ಕಂಡವರು ಎಷ್ಟು ಮಂದಿಯೋ ಎಂಬ ಸಂದೇಹ ಈ ಲೇಖಕನಿಗೆ ಅನೇಕ ಸಲ ಉಂಟಾಗಿದೆ. ಸಿಂಹಗಳನ್ನು ಕೈಯಾರೆ ಸಾಕಿ, ಮತ್ತೆ ಕಾಡಿಗೆ ಒಪ್ಪಿಸಿ, ಅವುಗಳ ನಡುವೆಯೇ ಮುಪ್ಪಾದ ಜಾರ್ಜ್ ಆಡಮ್‌ಸನ್ನರು ಕವಿಯಲ್ಲ. ಬಂದೂಕು ಹಿಡಿದ ವನ್ಯಮೃಗಾಧಿಕಾರಿ.

ಅವರು ಹುಟ್ಟಿದ್ದು ಭರತಖಂಡದಲ್ಲಿಯೇ ಎಂಬುದನ್ನು ಬಲ್ಲವರು ಕಡಮೆ. 1906ರ ಫೆಬ್ರವರಿ 3ರಂದು, ಈಗಿನ ಉತ್ತರ ಪ್ರದೇಶದ ಇಟಾವಾದಲ್ಲಿ ಅವರ ಜನನ, ಇಂಗ್ಲೆಂಡಿನಲ್ಲಿ ವಿದ್ಯಾಭ್ಯಾಸ. 1924ರಲ್ಲಿ ತಂದೆಯವರು ನೆಲಸಿದ್ದ ಕೀನ್ಯಾ ದೇಶಕ್ಕೆ ಹೋದ ತರುಣನು ಚಿನ್ನವನ್ನು ಅರಸಿದನು, ಆಡುಗಳ ವ್ಯಾಪಾರ ಮಾಡಿದನು, ಬೇಟೆಗಾರರಿಗೆ ದಾರಿ ತೋರಿದನು. ಯಾವುದೂ ಕೈಹತ್ತದೆ 1938ರಲ್ಲಿ ವನ್ಯಮೃಗ ಇಲಾಖೆಯನ್ನು ಸೇರಿದನು. ಅಲ್ಲಿಯ ಉತ್ತರ ಗಡಿಪ್ರಾಂತವು ವಿಸ್ತಾರವಾದ ಒಣಭೂಮಿ. ಮೃಗಗಳನ್ನು ಕಳ್ಳಬೇಟೆಗಾರರಿಂದ ಕಾಪಾಡುವುದರ ಜೊತೆಗೆ, ಜನರಿಗೂ ದನಕರುಗಳಿಗೂ ಮೃತ್ಯುವಾಗಿ ಬಂದ ಸಿಂಹಗಳನ್ನು ಕೊಲ್ಲುವುದೂ ಅವರ ಕರ್ತವ್ಯವಾಗಿತ್ತು. 1944ರಲ್ಲಿ, ಆಸ್ಟ್ರಿಯಾ ಮೂಲದ ಚಿತ್ರಕಲಾವಿದೆ ಜಾಯ್ ಅವರನ್ನು ವಿವಾಹವಾದರು.

1956ರ ಫೆಬ್ರವರಿ ಮೊದಲ ದಿನ, ನರಭಕ್ಷಕ ಸಿಂಹವೊಂದರ ಜಾಡು ಹಿಡಿದು ಹೊರಟಿದ್ದ ಆಡಮ್‌ಸನ್ನರ ಮೇಲೆ ಹೆಣ್ಣು ಸಿಂಹವೊಂದು ಎರಗಿತು. ಗುಂಡು ಹಾರಿಸಿ ಕೊಂದರು. ಆಮೇಲೆ ನೋಡಿದರೆ ಬಂಡೆಯ ಸಂದಿನಲ್ಲಿ ಮೂರು ಮರಿಗಳು! ತಾಯಿಯ ಕೋಪಕ್ಕೆ ಕಾರಣ ಆಗ ತಿಳಿಯಿತು. ತಬ್ಬಲಿಗಳನ್ನು ಮನೆಗೆ ತಂದು ಹಾಲೂಡಿಸಿ ಬೆಳೆಸಿದರು. ದೊಡ್ಡವೆರಡು ಹಾಲೆಂಡಿನ ರಾಟರ್‌ಡ್ಯಾಂ ಮೃಗಾಲಯಕ್ಕೆ ಹೋದವು. ಕಿರಿಯಳಾದ ಎಲ್ಸಾ ಉಳಿದಳು. ಬೇಟೆಯನ್ನು ತಾಯಿಯಿಂದ ಕಲಿಯಬೇಕಾಗಿದ್ದ ಆಕೆಗೆ ತಾಯಿಯನ್ನು ಕೊಂದವರೇ ಕಲಿಸಬೇಕಾಯಿತು. ಅವಳು ಕಾಡಿಗೆ ಮರಳಿ, 1959ರ ಕೊನೆಯಲ್ಲಿ ಮೂರು ಮರಿಗಳ ತಾಯಾದಳು. 1961ರ ಜನವರಿಯಲ್ಲಿ ಉಣ್ಣೆಹುಳುಗಳಿಂದ ಹರಡುವ ರೋಗಕ್ಕೆ ತುತ್ತಾದಳು. ತಾಯಿಯಿಲ್ಲದ ಮರಿಗಳು ಹಳ್ಳಿಯವರ ಆಡುಗಳ ಮೇಲೆ ಬೀಳತೊಡಗಲು, ಅವನ್ನು ಹಿಡಿದು ದೂರದ ಸೆರೆಂಗೆಟಿಗೆ ಸಾಗಿಸಬೇಕಾಯಿತು. ಜಾಯ್ ಅವರು 1960ರಲ್ಲಿ ಪ್ರಕಟಿಸಿದ ಪುಸ್ತಕದಿಂದಲೂ, 1966ರ ಚಲನಚಿತ್ರದಿಂದಲೂ ಎಲ್ಸಾಳ ಕಥೆ ಲೋಕಪ್ರಸಿದ್ಧವಾಗಿದೆಯಾದ ಕಾರಣ ಇಲ್ಲಿ ವಿಸ್ತರಿಸುವುದಿಲ್ಲ. ಆಡುಗಳನ್ನು ಕಳೆದುಕೊಂಡವರ ಕಥೆಯನ್ನು ಕೇಳಿದವರು ಅಷ್ಟು ಮಂದಿ ಇಲ್ಲ.

ಆ ಚಲನಚಿತ್ರಕ್ಕೆಂದು ತಂದಿದ್ದ ಸಿಂಹಗಳಲ್ಲಿ ಬಹುಪಾಲು ಮೃಗಾಲಯಗಳ ಪಾಲಾದವು. ಮೂರನ್ನು ಮಾತ್ರ ಕಾಡಿಗೆ ಬಿಡಲೆಂದು ಆಡಮ್‌ಸನ್ನರು ಪಡೆದುಕೊಂಡರು. ಅವುಗಳಲ್ಲೊಂದು, ಸೈನ್ಯದ ತುಕಡಿಯೊಂದು ಮುದ್ದಿಗಾಗಿ ಸಾಕಿಕೊಂಡಿದ್ದ ‘ಬಾಯ್’ ಎಂಬ ಗಂಡು ಸಿಂಹ. ಮೇರು ಎಂಬ ಅಭಯಾರಣ್ಯದಲ್ಲಿ ಆಡಮ್‌ಸನ್ನರು ಅವುಗಳೊಡನೆ ಬೀಡುಬಿಟ್ಟರು. 1969ರಲ್ಲಿ ಬಾಯ್ ಸಿಂಹವು ಆ ಅರಣ್ಯಾಧಿಕಾರಿಯ ಎಳೆಯ ಮಗುವನ್ನು ಕಚ್ಚಿ ಗಾಯಗೊಳಿಸಿತು. ಮಗು ಬದುಕಿತು. ಅಲ್ಲಿಯ ಪ್ರಯೋಗ ನಿಂತಿತು. ಕೆಲವು ಕಾಲದ ಬಳಿಕ ಅದೇ ಸಿಂಹದ ಕಾಲು ಮುರಿಯಲು, ವೈದ್ಯರಿಂದ ಲೋಹದ ಸಲಾಕೆ ಹಾಕಿಸಿ, ತಿಂಗಳುಗಟ್ಟಲೆ ಆರೈಕೆ ಮಾಡಿದರು.

ಭಾಗವತದ ಜಡಭರತನ ವೃತ್ತಾಂತವು ಇಲ್ಲಿ ನೆನಪಾಗುತ್ತದೆ. ರಾಜ್ಯವನ್ನೇ ತೊರೆದವನು ಜಿಂಕೆಮರಿಯೊಂದರ ಮಮತೆಗೆ ಕಟ್ಟುಬಿದ್ದನು. ಆದರೆ ಆ ಜಿಂಕೆಯಿಂದ ನೆರೆಯವರಿಗೆ ಕೇಡಾಗುವಂತಿರಲಿಲ್ಲ. ಮೋಹದ ಫಲವನ್ನು ಅರಸನೊಬ್ಬನೇ ಉಂಡನು. ಸಿಂಹದ ವಿಷಯ ಹಾಗಲ್ಲ. ಕಾಡಿನ ಸಿಂಹವು ಸಾಮಾನ್ಯವಾಗಿ ಮನುಷ್ಯನ ವಾಸನೆಗೆ ಹಿಂದೆಗೆಯುತ್ತದೆ. ಕೈತುತ್ತು ಉಂಡ ಸಿಂಹಕ್ಕೆ ಆ ಅಂಜಿಕೆ ಇಲ್ಲ. ಅದು ಪ್ರೀತಿಸುವುದು ತನ್ನನ್ನು ಸಾಕಿದವನೊಬ್ಬನನ್ನು. ಅಂಜದಿರುವುದು ಎಲ್ಲ ಮನುಷ್ಯರಿಗೂ.

1970ರಲ್ಲಿ ತಾನಾ ನದಿಯ ದಡದ ಕೋರಾ ಎಂಬ ನಿರ್ಜನ ಪ್ರದೇಶಕ್ಕೆ ಅವರು ಬಾಯ್ ಸಿಂಹದೊಡನೆ ಬಂದರು. ಲಂಡನ್ನಿನ ಅಂಗಡಿಯೊಂದರಲ್ಲಿ ಮಾರಾಟವಾಗಿದ್ದ ಕ್ರಿಶ್ಚಿಯನ್ ಎಂಬ ಸಿಂಹವೂ ಅಲ್ಲಿಗೇ ಬಂದಿತು. ತಂತಿಬೇಲಿಯ ಒಳಗೆ ಮನುಷ್ಯರು, ಹೊರಗೆ ಸಿಂಹಗಳು. ಬಿಳಿಯ ಗಡ್ಡ, ಬರಿಯ ಮೈ, ಚಡ್ಡಿ, ಬಾಯಲ್ಲಿ ಚುಟ್ಟಾಕೊಳವೆ: ಈ ವೇಷದ ಮುದುಕನನ್ನು ಜನರು ‘ಬಾಬಾ ಯಾ ಸಿಂಬಾ’, ಎಂದರೆ ಸಿಂಹಗಳ ತಂದೆ, ಎಂದು ಕರೆದರು. (ಸ್ವಾಹಿಲಿಯ ಸಿಂಬಾ, ನಮ್ಮ ಸಿಂಹ ಎಂಬ ಶಬ್ದಗಳಿಗೆ ಧ್ವನಿಸಾಮ್ಯ ಉಂಟೆಂಬ ಮಾತ್ರಕ್ಕೆ ಬಂಧುತ್ವ ಕಲ್ಪಿಸಲಾಗದು.)

1971ರ ಜೂನ್ ತಿಂಗಳಲ್ಲಿ ಒಂದು ದಿನ ಬೇಲಿಯ ಹೊರಗಿನಿಂದ ಚೀತ್ಕಾರ ಕೇಳಿಸಿತು. ಶಿಬಿರದ ಕೆಲಸದ ಆಳು ಬೇಲಿಯನ್ನು ದಾಟಿ ಹೊರಗೆ ಹೋಗಿದ್ದನು. ಬಾಯ್ ಅವನನ್ನು ಹಿಡಿದಿತ್ತು. ಆಡಮ್‌ಸನ್ನರು ಬಂದೂಕಿನೊಡನೆ ಧಾವಿಸಿದರು. ಸಿಂಹವು ಆ ಮನುಷ್ಯನನ್ನು ಬಿಟ್ಟು ಸರಿಯಿತು. ಆರೇಳು ವರ್ಷ ತಮ್ಮ ಹಿಂದೆ ಮುಂದೆ ಸುಳಿದಾಡಿದ, ತಾವೇ ಸಾವಿನಿಂದ ಉಳಿಸಿದ್ದ ಆ ಪ್ರಾಣಿಯ ಎದೆಗೆ ಅವರು ಗುರಿಯಿಟ್ಟು ಹೊಡೆದರು. ಕೆಲಸದವನನ್ನು ಹೊತ್ತು ತಂದರು. ಅವನು ಸ್ವಲ್ಪ ಹೊತ್ತಿನಲ್ಲೇ ಪ್ರಾಣಬಿಟ್ಟನು. ಆ ಬಡ ಸೇವಕನು ಸಿಂಹಗಳ ಮೇಲಣ ಪ್ರೇಮದಿಂದ ಕೋರಾಕ್ಕೆ ಬಂದವನಲ್ಲ, ಹೊಟ್ಟೆಪಾಡಿಗೆ ಬಂದವನು. ಆಡಮ್‌ಸನ್ನರನ್ನು ಕೊಂಡಾಡುವ ಬರಹಗಳಲ್ಲಿ ಅವನಿಗೆ ಒಂದೆರಡು ವಾಕ್ಯಗಳ ಸ್ಥಳ ಮಾತ್ರ ದೊರೆಯುವುದು ಈ ಲೇಖಕನಿಗೆ ನ್ಯಾಯವೆಂದು ತೋರುವುದಿಲ್ಲ.

ಅವರು ಕೋರಾವನ್ನು ಬಿಡಲಿಲ್ಲ. 1973ರಲ್ಲಿ ಅದು ರಕ್ಷಿತಾರಣ್ಯವಾಯಿತು. 1975ರಲ್ಲಿ ಸಹಾಯಕ ಟೋನಿ ಫಿಟ್ಜ್‌ಜಾನ್ ಸಿಂಹದ ಬಾಯಿಂದ ಕೂದಲೆಳೆಯಲ್ಲಿ ಪಾರಾದನು. ತಮ್ಮನಾದ ಟೆರೆನ್ಸ್‌ಗೆ ಸಿಂಹಗಳ ಮೇಲೆ ಅಂಥ ಒಲವೇನೂ ಇರಲಿಲ್ಲ, ಅವನ ಪ್ರೀತಿ ಆನೆಗಳ ಮೇಲೆ. ಅಣ್ಣನಿಗಾಗಿ ಆ ಕಾಡಿನಲ್ಲಿ ದಾರಿ ಕಡಿಯುತ್ತಿದ್ದ ಅವನ ಮುಖವನ್ನೂ 1980ರಲ್ಲಿ ಒಂದು ಸಿಂಹ ಕಚ್ಚಿತು. ಅದೇ ವರ್ಷದ ಜನವರಿ 3ರಂದು, ದೂರದ ಶಾಬಾದಲ್ಲಿ ಚಿರತೆಯನ್ನು ಸಾಕುತ್ತಿದ್ದ ಜಾಯ್ ಹತರಾದರು. ಸಿಂಹವೇ ಕೊಂದಿತೆಂದು ಲೋಕವೆಲ್ಲ ಮೊದಲು ನಂಬಿತು. ವಿಚಾರಣೆಯಲ್ಲಿ, ಕೆಲಸದಿಂದ ಬಿಡಿಸಲ್ಪಟ್ಟ ನೌಕರನೊಬ್ಬನು ಕೊಲೆಗಾರನೆಂದು ತೀರ್ಮಾನವಾಯಿತು.

1989ರ ಆಗಸ್ಟ್ 20ರಂದು ತಮ್ಮ ಅತಿಥಿಯೊಬ್ಬರನ್ನು ದರೋಡೆಗಾರರು ತಡೆದುದನ್ನು ತಿಳಿದು, 83 ವರ್ಷದ ಆಡಮ್‌ಸನ್ನರು ಜೀಪಿನಲ್ಲಿ ಆ ಕಡೆಗೆ ನುಗ್ಗಿದರು. ಗುಂಡೇಟಿಗೆ ಅವರೂ, ಜೊತೆಯಲ್ಲಿದ್ದ ಇಬ್ಬರು ಕೆಲಸಗಾರರೂ ಬಲಿಯಾದರು. ಕೋರಾದಲ್ಲಿಯೇ, ಮೂರು ವರ್ಷ ಮೊದಲು ತೀರಿಕೊಂಡಿದ್ದ ಟೆರೆನ್ಸನ ಸಮಾಧಿಯ ಪಕ್ಕದಲ್ಲಿ ಅವರನ್ನು ಮಣ್ಣುಮಾಡಿದರು.